ಮನೆಯ ಶೆಡ್ಡಿಗೆ ವೆಲ್ಡಿಂಗ್ ಯಂತ್ರ: ಫಲಕ ಓದಿ ಕೊಳ್ಳಿರಿ, ಫಲಕ ತೋರಿಸಿ ಮಾರಿರಿ

ಹಿಂದೆ ವೆಲ್ಡಿಂಗ್ ಯಂತ್ರವೆಂದರೆ ಇಬ್ಬರು ಸೇರಿ ಎತ್ತಬೇಕಾದ ಭಾರದ ಟ್ರಾನ್ಸ್‌ಫಾರ್ಮರ್ ಆಗಿತ್ತು. ಐಜಿಬಿಟಿ ಇನ್ವರ್ಟರ್ ತಂತ್ರಜ್ಞಾನ ಬಂದ ಮೇಲೆ ಅದು ಒಂದೇ ಕೈಯಲ್ಲಿ ಒಯ್ಯಬಹುದಾದ ಪೆಟ್ಟಿಗೆಯಾಯಿತು. ಈಗ ಅಂಥದೇ ಪೆಟ್ಟಿಗೆಯಲ್ಲಿ ಕಡ್ಡಿ ವೆಲ್ಡಿಂಗ್, ಮಿಗ್ ಮತ್ತು ಟಿಗ್ ಎಂಬ ಮೂರೂ ವಿಧಾನಗಳನ್ನು ಒದಗಿಸುವ ಅಗ್ಗದ ಯಂತ್ರಗಳು ದೊರೆಯುತ್ತಿವೆ. ಮನೆಯ ಹಿಂಬದಿಯ ಶೆಡ್ಡಿನಲ್ಲಿ ಗೇಟು, ಗ್ರಿಲ್ಲು, ಕಬ್ಬಿಣದ ಮೇಜು-ಕುರ್ಚಿ ತಯಾರಿಸಲು ಹೊರಟವರಿಗೂ ನೇಗಿಲು, ಟ್ರೇಲರ್ ದುರಸ್ತಿ ಮಾಡಿಕೊಳ್ಳುವ ರೈತರಿಗೂ ಇದು ಸ್ವಾಗತಾರ್ಹ ಬೆಳವಣಿಗೆ. ಆದರೆ ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿರುವ ಆಂಪಿಯರ್ ಸಂಖ್ಯೆಯನ್ನೂ ವಿಧಾನಗಳ ಎಣಿಕೆಯನ್ನೂ ನೋಡಿ ವ್ಯವಹಾರ ಕುದುರಿಸುವ ರೂಢಿಯಿಂದ ಕೊಳ್ಳುವವರಿಗೂ ಮಾರುವವರಿಗೂ ನಷ್ಟವೇ ಹೆಚ್ಚೆಂಬುದು ನಮ್ಮ ಅಭಿಪ್ರಾಯ.

ಮೊದಲು ಗಮನಿಸಬೇಕಾದುದು ಡ್ಯೂಟಿ ಸೈಕಲ್. ಹತ್ತು ನಿಮಿಷಗಳ ಅವಧಿಯಲ್ಲಿ ಯಂತ್ರವು ಎಷ್ಟು ನಿಮಿಷ ನಿರಂತರವಾಗಿ ಬೆಸುಗೆ ಹಾಕಬಲ್ಲದು ಎಂಬುದನ್ನು ಇದು ಶೇಕಡಾವಾರು ತಿಳಿಸುತ್ತದೆ. ‘200 ಆಂಪಿಯರ್, ಶೇಕಡಾ 20’ ಎಂದಿದ್ದರೆ ಎರಡು ನಿಮಿಷ ದುಡಿದು ಎಂಟು ನಿಮಿಷ ತಣಿಯಬೇಕೆಂದರ್ಥ. ಅದೇ ಯಂತ್ರವನ್ನು ಶೇಕಡಾ 60ರ ಮಟ್ಟದಲ್ಲಿ ದುಡಿಸಬೇಕಾದರೆ ಸಾಮಾನ್ಯವಾಗಿ ಸುಮಾರು 115 ಆಂಪಿಯರಿಗೆ ಇಳಿಯಬೇಕಾಗುತ್ತದೆ. ಐಇಸಿ 60974-1 ಎಂಬ ಅಂತರರಾಷ್ಟ್ರೀಯ ಮಾನದಂಡವು ಈ ಅಳತೆಯನ್ನು 40 ಡಿಗ್ರಿ ಸೆಲ್ಸಿಯಸ್ ಉಷ್ಣತೆಗೆ ಅನ್ವಯಿಸಿ ಹೇಳುತ್ತದೆ. ಕೆಲವು ಅಗ್ಗದ ಯಂತ್ರಗಳ ಫಲಕದಲ್ಲಿ ಉಷ್ಣತೆಯ ಉಲ್ಲೇಖವೇ ಇರುವುದಿಲ್ಲ. ರಾಯಚೂರು, ಕಲಬುರಗಿಗಳ ಏಪ್ರಿಲ್ ಬಿಸಿಲಿನಲ್ಲಿ ತಗಡಿನ ಛಾವಣಿಯ ಕೆಳಗೆ ದುಡಿಯುವವರಿಗೆ ಇದರ ಮಹತ್ವವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಎರಡನೆಯದು ಮನೆಯ ವಿದ್ಯುತ್ ಸಂಪರ್ಕದ ಮಿತಿ. 16 ಆಂಪಿಯರಿನ ಸಾಕೆಟ್ಟು 230 ವೋಲ್ಟಿನಲ್ಲಿ ಹೆಚ್ಚೆಂದರೆ 3.68 ಕಿಲೋವ್ಯಾಟ್ ನೀಡಬಲ್ಲದು. ಕಡ್ಡಿ ವೆಲ್ಡಿಂಗ್‌ನಲ್ಲಿ 200 ಆಂಪಿಯರ್ ಪ್ರವಾಹಕ್ಕೆ ಆರ್ಕ್‌ನ ವೋಲ್ಟೇಜ್ ಸುಮಾರು 28. ಅಂದರೆ ಆರ್ಕ್ ಒಂದಕ್ಕೇ 5.6 ಕಿಲೋವ್ಯಾಟ್ ಬೇಕು. ಆದಕಾರಣ 200 ಆಂಪಿಯರ್ ಎಂಬ ಬಲವು ಮನೆಯ ಸಾಕೆಟ್ಟಿನ ಮಟ್ಟಿಗೆ ಕಾಗದದ ಮೇಲಿನ ಬಲವಷ್ಟೆ. ಸಾಮಾನ್ಯ ಗೇಟು-ಗ್ರಿಲ್ಲುಗಳಿಗೆ ಬಳಸುವ 3.15 ಮಿಲಿಮೀಟರ್ ಕಡ್ಡಿಗೆ 90ರಿಂದ 130 ಆಂಪಿಯರ್ ಸಾಕು. ಆದರೆ ಯಂತ್ರದೊಳಗಿನ ನಷ್ಟ ಮತ್ತು ಪವರ್ ಫ್ಯಾಕ್ಟರ್ ಸೇರಿದಾಗ ಇದೂ ಸಾಕೆಟ್ಟಿನ ಮಿತಿಯನ್ನು ಮುಟ್ಟುತ್ತದೆ ಅಥವಾ ದಾಟುತ್ತದೆ. ಯಂತ್ರಕ್ಕೆಂದೇ ಪ್ರತ್ಯೇಕ ಎಂಸಿಬಿ, ತಕ್ಕ ದಪ್ಪದ ತಂತಿ ಮತ್ತು ಸರಿಯಾದ ಅರ್ಥಿಂಗ್ ಮಾಡಿಸುವ ವೆಚ್ಚವನ್ನು ಯಂತ್ರದ ಬೆಲೆಯ ಭಾಗವೆಂದೇ ಎಣಿಸಬೇಕು.

ಕಾನೂನಿನ ಅಂಶವನ್ನೂ ಮರೆಯುವಂತಿಲ್ಲ. ಗೃಹಬಳಕೆಯ ಸಂಪರ್ಕದಿಂದ ವೃತ್ತಿಪರ ವೆಲ್ಡಿಂಗ್ ನಡೆಸಿದರೆ ಅದು 2003ರ ವಿದ್ಯುಚ್ಛಕ್ತಿ ಕಾಯ್ದೆಯ 126ನೆಯ ಕಲಮಿನಡಿ ಅನಧಿಕೃತ ಬಳಕೆಯೆನಿಸಿ, ಅನ್ವಯವಾಗುವ ದರದ ಎರಡು ಪಟ್ಟು ತೆರಬೇಕಾಗುತ್ತದೆ. ಸ್ವಂತ ದುರಸ್ತಿಯ ಹಂತ ದಾಟಿ ಹಣ ಪಡೆದು ಕೆಲಸ ಮಾಡುವವರು ಮೊದಲೇ ಸೂಕ್ತ ಸಂಪರ್ಕ ಪಡೆಯುವುದು ಲೇಸು. ಯಂತ್ರದಲ್ಲಿ ಉಳಿಸಿದ ಹಣ ಒಂದೇ ತಪಾಸಣೆಯಲ್ಲಿ ಕೈಬಿಟ್ಟುಹೋದೀತು.

ಇನ್ನು ವಿಧಾನಗಳ ಎಣಿಕೆಯ ವಿಚಾರ. ಅಗ್ಗದ ಯಂತ್ರಗಳಲ್ಲಿರುವ ಟಿಗ್ ಬಹುತೇಕ ಡಿಸಿ ಪ್ರವಾಹದ್ದು. ಅಲ್ಯೂಮಿನಿಯಮ್ ಬೆಸುಗೆಗೆ ಸಾಮಾನ್ಯವಾಗಿ ಎಸಿ ಪ್ರವಾಹ ಬೇಕಾಗುವುದರಿಂದ ಅದರ ಆಸೆಯಿಂದ ಇಂಥ ಯಂತ್ರ ಕೊಂಡವರಿಗೆ ನಿರಾಶೆ ಕಾದಿದೆ. ಟಿಗ್ ಟಾರ್ಚು, ಆರ್ಗಾನ್ ಸಿಲಿಂಡರ್ ಮತ್ತು ರೆಗ್ಯುಲೇಟರ್‌ಗಳ ಖರ್ಚು ಹಲವು ವೇಳೆ ಬೇರೆಯೇ ಇರುತ್ತದೆ. ಮಿಗ್ ವಿಧಾನಕ್ಕೂ ಅನಿಲ ಬೇಕು. ಗಾಳಿ ಬೀಸುವ ಬಯಲಿನಲ್ಲಿ ಆ ಅನಿಲ ಚದುರಿ ಬೆಸುಗೆಯಲ್ಲಿ ರಂಧ್ರಗಳುಂಟಾಗುತ್ತವೆ. ಅನಿಲವಿಲ್ಲದೆ ನಡೆಯುವ ಫ್ಲಕ್ಸ್ ತುಂಬಿದ ತಂತಿಗೆ ಸಾಮಾನ್ಯವಾಗಿ ಪೋಲಾರಿಟಿ ಬದಲಿಸಬೇಕು. ಆ ಅನುಕೂಲ ಯಂತ್ರದಲ್ಲಿದೆಯೇ ಎಂದು ಕೇಳಿ ತಿಳಿಯಬೇಕು. ಅದರಲ್ಲಿ ಹೊಗೆಯೂ ಕಿಡಿಯೂ ಹೆಚ್ಚು.

ಹಾಗೆಂದು ಬಹುವಿಧಾನದ ಯಂತ್ರವೇ ಬೇಡವೆನ್ನುವುದು ನಮ್ಮ ವಾದವಲ್ಲ. ಒಂದೂವರೆ ಮಿಲಿಮೀಟರ್ ಆಸುಪಾಸಿನ ತೆಳು ಚೌಕ ಕೊಳವೆಯಿಂದ ಪೀಠೋಪಕರಣ ಮಾಡುವವರಿಗೆ 0.8 ಮಿಲಿಮೀಟರ್ ತಂತಿಯ ಮಿಗ್ ನಿಜಕ್ಕೂ ವರದಾನ, ಕಲಿಯುವುದೂ ಸುಲಭ. ಅಂಥವರು ಮಿಗ್ ಮತ್ತು ಕಡ್ಡಿ ಎರಡೂ ಇರುವ ಯಂತ್ರವನ್ನು ಕೊಳ್ಳಲಿ. ಹೊಲದ ಉಪಕರಣ, ಗೇಟು, ತುಕ್ಕು ಹಿಡಿದ ದಪ್ಪ ಕಬ್ಬಿಣಗಳ ಕೆಲಸವೇ ಮುಖ್ಯವಾಗಿದ್ದರೆ, ಅದೇ ಹಣಕ್ಕೆ ಶೇಕಡಾ 60ರ ಮಟ್ಟದಲ್ಲಿ 120 ಆಂಪಿಯರ್ ಕೊಡುವ ಒಳ್ಳೆಯ ಕಡ್ಡಿ ಇನ್ವರ್ಟರ್ ಹೆಚ್ಚು ಕಾಲ ಬಾಳುತ್ತದೆ. ಟಿಗ್‌ನ ಅಗತ್ಯ ಬಂದಾಗ ಅದನ್ನು ಪ್ರತ್ಯೇಕವಾಗಿ ಯೋಚಿಸಬಹುದು.

ಆರೋಗ್ಯದ ಮಾತನ್ನೂ ಇಲ್ಲಿ ಹೇಳಲೇಬೇಕು. 2017ರಲ್ಲಿ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ವೆಲ್ಡಿಂಗ್ ಹೊಗೆಯನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ಕಾರಕಗಳ ಮೊದಲ ವರ್ಗಕ್ಕೆ ಸೇರಿಸಿತು. ಮಕ್ಕಳು ಓಡಾಡುವ ಮನೆಯ ಅಂಗಳದಲ್ಲಿ ಗಾಳಿಯ ಹರಿವು, ಆರ್ಕ್‌ನ ಬೆಳಕು ಬೀಳದಂತೆ ಮರೆ, ಒಳ್ಳೆಯ ಮುಖಕವಚ ಇವೆಲ್ಲ ಅವಶ್ಯ ಸಾಮಗ್ರಿಗಳೆಂದು ತಿಳಿಯಬೇಕು. ಗ್ರೈಂಡರಿನ ಕಬ್ಬಿಣದ ಪುಡಿಯನ್ನು ಯಂತ್ರದ ಫ್ಯಾನು ಒಳಗೆಳೆದುಕೊಂಡರೆ ಸರ್ಕ್ಯೂಟ್ ಬೋರ್ಡು ಸುಡುವ ಸಂಭವವಿರುವುದರಿಂದ ಎರಡನ್ನೂ ದೂರವಿರಿಸುವುದು ಒಳ್ಳೆಯದು.

ಕೊನೆಯದಾಗಿ ವರ್ತಕ ಬಂಧುಗಳಲ್ಲಿ ಒಂದು ವಿನಂತಿ. ಯಂತ್ರ ಮಾರುವಾಗ ಬಿಲ್ಲಿನ ಮೇಲೆ ನಾಲ್ಕು ವಿವರಗಳನ್ನು ಬರೆದುಕೊಡಿ: 40 ಡಿಗ್ರಿಯಲ್ಲಿ ಡ್ಯೂಟಿ ಸೈಕಲ್, ಜಾಲದಿಂದ ಸೆಳೆಯುವ ಗರಿಷ್ಠ ಪ್ರವಾಹ, ಟಿಗ್ ಡಿಸಿಯೋ ಎಸಿಯೋ, ಜೊತೆಗೆ ಬರುವ ಬಿಡಿಭಾಗಗಳು. ಬೋರ್ಡು ಕೆಟ್ಟರೆ ಯಾವ ಊರಿನಲ್ಲಿ ದುರಸ್ತಿಯಾಗುತ್ತದೆಂಬುದನ್ನೂ ತಿಳಿಸಿ. ಇದರಿಂದ ಒಂದೆರಡು ಮಾರಾಟ ತಪ್ಪಿದರೂ ತಪ್ಪಬಹುದು. ಆದರೆ ಶೆಡ್ಡಿನಲ್ಲಿ ಯಂತ್ರ ಸುಟ್ಟುಕೊಂಡ ಗಿರಾಕಿ ಮತ್ತೆ ಕಡ್ಡಿ, ತಂತಿ, ಕಟಿಂಗ್ ಬಿಲ್ಲೆ ಕೊಳ್ಳಲು ಅಂಗಡಿಗೆ ಬರುವುದಿಲ್ಲ. ಈ ವ್ಯಾಪಾರದಲ್ಲಿ ಪೆಟ್ಟಿಗೆ ಮಾರುವುದು ಒಮ್ಮೆ ಮಾತ್ರ. ಕಡ್ಡಿ ಮಾರುವುದು ವರ್ಷಾನುಗಟ್ಟಲೆ. ವಾಣಿಜ್ಯ ಸಂಸ್ಥೆಗಳು ವರ್ಷಕ್ಕೊಮ್ಮೆಯಾದರೂ ಇಂಥ ಯಂತ್ರಗಳನ್ನು ಒಂದೆಡೆ ಓಡಿಸಿ ತೋರಿಸುವ ಪ್ರಾತ್ಯಕ್ಷಿಕೆ ಏರ್ಪಡಿಸಿದರೆ ಸಣ್ಣ ಉದ್ದಿಮೆದಾರರಿಗೆ ದೊಡ್ಡ ಉಪಕಾರವಾದೀತು.