ಹೆಸರು ಗಳಿಸಿದರೆ ಸಾಲದು, ದಾಖಲಿಸಬೇಕು: ಟ್ರೇಡ್‌ಮಾರ್ಕ್ ಮತ್ತು ಐದು ತಾಲ್ಲೂಕುಗಳ ವರ್ತಕರು

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ ಹಾಗೂ ಹರಪನಹಳ್ಳಿ ತಾಲ್ಲೂಕುಗಳ ವ್ಯಾಪಾರ ವಲಯದಲ್ಲಿ ಟ್ರೇಡ್‌ಮಾರ್ಕ್ ನೋಂದಣಿಯ ಪ್ರಸ್ತಾಪ ಬಂದಾಗ ಕೇಳಿಬರುವ ಉತ್ತರ ಬಹುಮಟ್ಟಿಗೆ ಒಂದೇ: ಅದು ದೊಡ್ಡ ಕಂಪನಿಗಳ ವಿಷಯ, ಇಲ್ಲಿ ಗಿರಾಕಿಗೆ ಅಂಗಡಿ ಗೊತ್ತು, ಅಂಗಡಿಗೆ ಗಿರಾಕಿ ಗೊತ್ತು. ಸರಕು ತೇರುಬೀದಿಯಿಂದಾಚೆಗೆ ಹೋಗದಿದ್ದ ಕಾಲಕ್ಕೆ ಈ ಮಾತು ಸಲ್ಲುತ್ತಿತ್ತು. ಇಂದು ಮಂಡಕ್ಕಿ, ಶೇಂಗಾ ಎಣ್ಣೆ, ಜೋಳದ ಹಿಟ್ಟು, ಚಟ್ನಿಪುಡಿಗಳು ಪೊಟ್ಟಣಗಳಾಗಿ ದಾವಣಗೆರೆ, ಹುಬ್ಬಳ್ಳಿ, ಬೆಂಗಳೂರುಗಳಿಗೆ ಹೋಗುತ್ತಿವೆ. ಅಲ್ಲಿ ಕೊಳ್ಳುವವನಿಗೆ ಅಂಗಡಿಯಾಗಲಿ, ಅಂಗಡಿಯವನ ಮುಖವಾಗಲಿ ತಿಳಿಯದು. ಪೊಟ್ಟಣದ ಮೇಲಿನ ಹೆಸರೊಂದೇ ಆತನಿಗೆ ಗುರುತು. ಆ ಹೆಸರನ್ನು ಮತ್ತೊಬ್ಬರು ಅಚ್ಚು ಹಾಕಿಸಿಕೊಂಡರೆ ಇಪ್ಪತ್ತು ವರ್ಷಗಳ ದುಡಿಮೆಯ ಫಲವನ್ನು ಅವರು ಒಂದೇ ಹಂಗಾಮಿನಲ್ಲಿ ಉಣ್ಣುತ್ತಾರೆ.

ನೋಂದಣಿಯ ಬಗ್ಗೆ ಈ ಭಾಗದ ಧಾನ್ಯ ಹಾಗೂ ಮಂಡಕ್ಕಿ ವರ್ತಕರಲ್ಲಿರುವ ಹಿಂಜರಿಕೆಗೆ ಒಂದು ಹಿನ್ನೆಲೆಯಿದೆ. ಅದನ್ನು ಕೇವಲ ಉದಾಸೀನವೆನ್ನುವುದು ನ್ಯಾಯವಲ್ಲ. 2017ರ ಜುಲೈ 1ರಂದು ಸರಕು ಮತ್ತು ಸೇವಾ ತೆರಿಗೆ ಜಾರಿಗೆ ಬಂದಾಗ ಅಕ್ಕಿ, ಹಿಟ್ಟು, ಬೇಳೆಗಳಂತಹ ಪದಾರ್ಥಗಳನ್ನು ನೋಂದಾಯಿತ ಬ್ರಾಂಡಿನ ಹೆಸರಿನಲ್ಲಿ ಪೊಟ್ಟಣ ಕಟ್ಟಿ ಮಾರಿದರೆ ಶೇಕಡ 5 ತೆರಿಗೆ. ಹೆಸರು ನೋಂದಣಿಯಾಗಿರದಿದ್ದರೆ ತೆರಿಗೆಯಿಲ್ಲ. ಹೆಸರನ್ನು ಕಾನೂನುಬದ್ಧವಾಗಿ ಕಾಪಾಡಿಕೊಂಡವನಿಗೆ ದಂಡ, ಕಾಪಾಡಿಕೊಳ್ಳದವನಿಗೆ ರಿಯಾಯಿತಿ ಎಂಬಂತಾಯಿತು. ದೇಶದ ಹಲವೆಡೆ ವರ್ತಕರು ಇದ್ದ ನೋಂದಣಿಯನ್ನೇ ರದ್ದುಪಡಿಸಿಕೊಳ್ಳಲು ಮುಂದಾದರು. ಅದನ್ನು ತಡೆಯಲು ಜಿಎಸ್‌ಟಿ ಮಂಡಳಿಯು ಅದೇ ವರ್ಷದ ಸೆಪ್ಟೆಂಬರಿನಲ್ಲಿ, 2017ರ ಮೇ 15ರಂದು ನೋಂದಣಿಯಲ್ಲಿದ್ದ ಹೆಸರು ಆನಂತರ ರದ್ದಾಗಿದ್ದರೂ ತೆರಿಗೆಗೆ ಒಳಪಡುವುದೆಂದು ನಿರ್ಧರಿಸಿತು. ನೋಂದಣಿಯಿಲ್ಲದ ಹೆಸರಿನವರು ತೆರಿಗೆ ವಿನಾಯಿತಿ ಪಡೆಯಬೇಕಾದರೆ, ಆ ಹೆಸರಿನ ಮೇಲಿನ ಹಕ್ಕನ್ನು ಸ್ವಇಚ್ಛೆಯಿಂದ ಬಿಟ್ಟುಕೊಟ್ಟಿರುವುದಾಗಿ ಅಫಿಡವಿಟ್ ಸಲ್ಲಿಸಿ, ಅದನ್ನು ಪ್ರತಿ ಪೊಟ್ಟಣದ ಮೇಲೂ ಮುದ್ರಿಸಬೇಕೆಂಬ ನಿಬಂಧನೆಯೂ ಬಂತು. ಶೇಕಡ 5ರ ಉಳಿತಾಯಕ್ಕಾಗಿ ತನ್ನ ಹೆಸರು ತನ್ನದಲ್ಲವೆಂದು ತಾನೇ ಬರೆದುಕೊಡುವ ಇಂತಹ ಏರ್ಪಾಡು ವ್ಯಾಪಾರದ ಇತಿಹಾಸದಲ್ಲಿ ಅಪರೂಪ.

ಆ ಅಧ್ಯಾಯ 2022ರ ಜುಲೈ 18ಕ್ಕೆ ಮುಗಿದಿದೆ. ಅಂದಿನಿಂದ ತೆರಿಗೆಗೆ ಆಧಾರ ಬ್ರಾಂಡಿನ ನೋಂದಣಿಯಲ್ಲ. ಚಿಲ್ಲರೆ ಮಾರಾಟಕ್ಕಾಗಿ ಮೊದಲೇ ಪೊಟ್ಟಣ ಕಟ್ಟಿ ಲೇಬಲ್ ಹಚ್ಚಿದ 25 ಕಿಲೋವರೆಗಿನ ಸರಕು, ಹೆಸರು ನೋಂದಣಿಯಾಗಿರಲಿ ಬಿಡಲಿ, ತೆರಿಗೆಗೆ ಒಳಪಡುತ್ತದೆ. ಹೀಗಿದ್ದೂ ‘ನೋಂದಾಯಿಸಿದರೆ ತೆರಿಗೆ ಬೀಳುತ್ತದೆ’ ಎಂಬ ಹಳೆಯ ಭಯ ಅಂಗಡಿ ಮುಂಗಟ್ಟುಗಳಲ್ಲಿ ಇನ್ನೂ ಉಳಿದಿದೆ. ತೆರಿಗೆಯನ್ನೂ ಕಟ್ಟಿ, ಹೆಸರನ್ನೂ ಅನಾಥವಾಗಿ ಬಿಡುವುದರಲ್ಲಿ ಯಾವ ಜಾಣತನವೂ ಇಲ್ಲ. ಅಂದು ಹಕ್ಕು ತ್ಯಜಿಸಿ ಅಫಿಡವಿಟ್ ಕೊಟ್ಟವರು ಅದರ ಪರಿಣಾಮವೇನೆಂಬುದನ್ನು ವಕೀಲರಲ್ಲಿ ವಿಚಾರಿಸಿ, ಹಳೆಯ ಒಕ್ಕಣೆಯಿರುವ ಚೀಲಗಳನ್ನು ಮೊದಲು ಬದಲಾಯಿಸುವುದು ಒಳಿತು.

ನೋಂದಣಿಯಿಲ್ಲದವನಿಗೆ ಕಾನೂನಿನಲ್ಲಿ ರಕ್ಷಣೆಯೇ ಇಲ್ಲವೆಂದಲ್ಲ. ತನ್ನ ಸರಕನ್ನು ಇನ್ನೊಬ್ಬರ ಸರಕೆಂದು ಸಾಗಹಾಕುವವನ ಮೇಲೆ ‘ಪಾಸಿಂಗ್ ಆಫ್’ ದಾವೆ ಹೂಡಬಹುದು. ತಿರುನೆಲ್ವೇಲಿಯ ‘ಇರುಟ್ಟುಕಡೈ ಹಲ್ವ’ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2015ರಲ್ಲಿ, ಮೊದಲು ಬಳಸಿದವನ ಹಕ್ಕು ನೋಂದಣಿಯ ಹಕ್ಕಿಗಿಂತ ಮೇಲೆಂದು ಹೇಳಿ ಹಳೆಯ ಅಂಗಡಿಯ ಪರವಾಗಿ ತೀರ್ಪು ನೀಡಿತು. ಸಣ್ಣ ಊರಿನ ಮಿಠಾಯಿ ಅಂಗಡಿಯೂ ಗೆಲ್ಲಬಲ್ಲದೆಂಬುದಕ್ಕೆ ಇದು ಸಾಕ್ಷಿ. ಆದರೆ ಆ ದಾರಿಯಲ್ಲಿ ಹೆಸರು ಗಳಿಸಿದ್ದನ್ನೂ, ಗಿರಾಕಿ ಮೋಸಹೋಗುವ ಸಂಭವವನ್ನೂ, ಆಗುವ ನಷ್ಟವನ್ನೂ ಒಂದೊಂದಾಗಿ ರುಜುವಾತುಪಡಿಸಬೇಕು. ಹಳೆಯ ಬಿಲ್ಲು, ಲಾರಿ ರಸೀದಿ, ಲೇಬಲ್ ಮುದ್ರಿಸಿದ ಪ್ರೆಸ್ಸಿನ ಪಟ್ಟಿ, ಜಾತ್ರೆಯ ಸಂಚಿಕೆಗೆ ಕೊಟ್ಟ ಜಾಹೀರಾತು ಇವೆಲ್ಲ ಅಲ್ಲಿ ಬೇಕಾಗುತ್ತವೆ. ಬಿಳಿ ಚೀಟಿಯಲ್ಲಿ ಲೆಕ್ಕ ಬರೆದು ಹರಿದು ಹಾಕಿದವನಿಗೆ ಆ ದಿನ ತೋರಿಸಲು ಏನೂ ಇರುವುದಿಲ್ಲ.

ನೋಂದಣಿಯ ಇನ್ನೊಂದು ಪ್ರಯೋಜನ ಸಣ್ಣ ವರ್ತಕರಿಗೆ ಅಷ್ಟಾಗಿ ತಿಳಿದಿಲ್ಲ. 1999ರ ಟ್ರೇಡ್‌ಮಾರ್ಕ್ ಕಾಯಿದೆಯ 134ನೇ ಕಲಮಿನ ಪ್ರಕಾರ ನೋಂದಾಯಿತ ಗುರುತಿನ ಒಡೆಯನು ತಾನು ವಾಸಿಸುವ ಅಥವಾ ವ್ಯವಹಾರ ನಡೆಸುವ ಜಿಲ್ಲೆಯ ನ್ಯಾಯಾಲಯದಲ್ಲಿಯೇ ಉಲ್ಲಂಘನೆಯ ದಾವೆ ಹೂಡಬಹುದು. ಪಾಸಿಂಗ್ ಆಫ್ ದಾವೆಗೆ ಈ ಸೌಲಭ್ಯವಿಲ್ಲ. ಅಂದರೆ ಕೊಟ್ಟೂರಿನವನ ಹೆಸರನ್ನು ಪುಣೆಯಲ್ಲಿ ಯಾರೋ ಕದ್ದು ಅಲ್ಲಿಯೇ ಮಾರುತ್ತಿದ್ದರೆ, ನೋಂದಣಿಯಿದ್ದವನು ತನ್ನ ಜಿಲ್ಲೆಯಲ್ಲಿ ನಿಂತು ಕೇಳಬಹುದು; ಇಲ್ಲದವನು ಪುಣೆಗೆ ಅಲೆಯಬೇಕು. ಸಣ್ಣ ಬಂಡವಾಳದವನಿಗೆ ಗೆಲುವು ಸೋಲು ಅನೇಕ ವೇಳೆ ತೀರ್ಮಾನವಾಗುವುದು ಈ ಅಲೆದಾಟದಲ್ಲಿಯೇ.

ಇನ್ನು ಹೆಸರಿನ ಆಯ್ಕೆ. ಈ ಸೀಮೆಯ ಬೀದಿಗಳಲ್ಲಿ ಕಾಣುವ ಹೆಸರುಗಳು ಹೆಚ್ಚಾಗಿ ಎರಡು ಬಗೆಯವು: ಊರಿನ ಹೆಸರು, ಇಲ್ಲವೆ ದೇವರ ಹೆಸರು. ಎರಡೂ ಭಕ್ತಿಗೆ, ಅಭಿಮಾನಕ್ಕೆ ಸರಿ, ಟ್ರೇಡ್‌ಮಾರ್ಕ್‌ಗೆ ದುರ್ಬಲ. ಸರಕು ಹುಟ್ಟಿದ ಊರನ್ನಷ್ಟೇ ಸೂಚಿಸುವ ಪದವನ್ನು ಕಾಯಿದೆಯ 9ನೇ ಕಲಮು ಸಾಮಾನ್ಯವಾಗಿ ಒಪ್ಪುವುದಿಲ್ಲ. ‘ಕೊಟ್ಟೂರು ಮಂಡಕ್ಕಿ’ ಎಂಬುದು ಕೊಟ್ಟೂರಿನ ಪ್ರತಿಯೊಂದು ಭಟ್ಟಿಯವನ ಮಾತು. ಅದನ್ನು ಒಬ್ಬನಿಗೆ ಬರೆದುಕೊಡಲು ಬಾರದು. ಕೊಟ್ಟೂರೇಶ್ವರ, ಮೈಲಾರಲಿಂಗ, ಗೋಣಿಬಸವೇಶ್ವರ, ಉಚ್ಚಂಗಿಯಮ್ಮ ಇವರ ಹೆಸರುಗಳನ್ನು ಲೇಬಲಿನ ಒಂದು ಭಾಗವಾಗಿ ಇಟ್ಟುಕೊಳ್ಳಬಹುದಾದರೂ, ನೆರೆಯವನು ಅದೇ ದೇವರ ಹೆಸರನ್ನು ಇಟ್ಟುಕೊಂಡಾಗ ತಡೆಯುವುದು ಕಷ್ಟ. ‘ರಾಮಾಯಣ’ ಎಂಬ ಹೆಸರಿನ ಅಗರಬತ್ತಿಯ ವಿವಾದದಲ್ಲಿ ಸುಪ್ರೀಂ ಕೋರ್ಟು 2015ರಲ್ಲಿ, ಪವಿತ್ರ ಗ್ರಂಥದ ಹೆಸರನ್ನು ಯಾರೂ ತಮ್ಮ ಸರಕಿನ ಮುದ್ರೆಯೆಂದು ಸ್ವಂತಕ್ಕೆ ಪಡೆಯಲಾಗದೆಂದು ಹೇಳಿದೆ. ‘ಸೂಪರ್’, ‘ಗೋಲ್ಡ್’, ‘ಸ್ಪೆಷಲ್’ ಎಂಬ ಬಾಲಗಳಿಂದಲೂ ಪ್ರಯೋಜನವಿಲ್ಲ. ಅವು ಎಲ್ಲರ ಚೀಲದ ಮೇಲೂ ಇವೆ.

ಸರ್ವಸಾಮಾನ್ಯ ಪದವನ್ನು ಆರಿಸಿಕೊಂಡರೆ ದೊಡ್ಡ ಸಂಸ್ಥೆಗೂ ತೊಡಕೇ. ಕರ್ನಾಟಕ ಹಾಲು ಮಹಾಮಂಡಳದ ‘ನಂದಿನಿ’ 1985ರಿಂದ ಮನೆಮಾತಾದ ಹೆಸರು. ಬೆಂಗಳೂರಿನ ‘ನಂದಿನಿ ಡೀಲಕ್ಸ್’ ಹೋಟೆಲು 1989ರಿಂದ ನಡೆದುಬಂದದ್ದು. ಹೋಟೆಲಿನವರ ನೋಂದಣಿಗೆ ಮಹಾಮಂಡಳವು ಆಕ್ಷೇಪಿಸಿ, ಮೇಲ್ಮನವಿ ಮಂಡಳಿಯಲ್ಲಿಯೂ ಹೈಕೋರ್ಟಿನಲ್ಲಿಯೂ ಗೆದ್ದಿತ್ತು. 2018ರ ಜುಲೈನಲ್ಲಿ ಸುಪ್ರೀಂ ಕೋರ್ಟು ಆ ತೀರ್ಪುಗಳನ್ನು ರದ್ದುಗೊಳಿಸಿ, ನಂದಿನಿ ಎಂಬುದು ಪುರಾಣದ ಹೆಸರೇ ಹೊರತು ಹೊಸದಾಗಿ ಸೃಷ್ಟಿಸಿದ ಪದವಲ್ಲವೆಂದು ಹೇಳಿ, ಹಾಲು ಮತ್ತು ಹಾಲಿನ ಪದಾರ್ಥಗಳನ್ನು ಬಿಟ್ಟು ಉಳಿದ ಸರಕುಗಳಿಗೆ ಹೋಟೆಲಿನವರ ನೋಂದಣಿಯನ್ನು ಎತ್ತಿಹಿಡಿಯಿತು. ಇದರ ಬದಲು ನಿಘಂಟಿನಲ್ಲಿಲ್ಲದ ಪದ, ಮನೆತನದ ಅಡ್ಡಹೆಸರನ್ನು ತಿರುಚಿ ಕಟ್ಟಿದ ಪದ, ಸರಕಿಗೂ ಅದಕ್ಕೂ ಸಂಬಂಧವಿಲ್ಲದ ಪದ ಹೆಚ್ಚು ಗಟ್ಟಿ. ಹಳ್ಳಿಯ ಗಿರಾಕಿ ಇಂದಿಗೂ ‘ಗಿಳಿ ಗುರುತಿನದು ಕೊಡು’ ಎಂದು ಚಿತ್ರದಿಂದಲೇ ಕೇಳುತ್ತಾನಾದ್ದರಿಂದ ಚಿತ್ರವನ್ನೂ ನೋಂದಾಯಿಸುವುದು ಅಗತ್ಯ. ಅದನ್ನು ಇಂತಿಂತಹ ಬಣ್ಣವೆಂಬ ಮಿತಿಯಿಲ್ಲದೆ ನೋಂದಾಯಿಸಿದರೆ ಎಲ್ಲ ಬಣ್ಣಗಳಿಗೂ ಹಕ್ಕು ಅನ್ವಯಿಸುತ್ತದೆ. ಹಸಿರು ಗಿಳಿಯನ್ನು ನೀಲಿ ಮಾಡಿ ತಪ್ಪಿಸಿಕೊಳ್ಳುವವನಿಗೆ ಆಗ ಅವಕಾಶವಿರದು. ಕನ್ನಡ ಲಿಪಿಯ ಹೆಸರನ್ನೂ ನೋಂದಾಯಿಸಬಹುದು. ಅದರ ಉಚ್ಚಾರ ಮತ್ತು ಅರ್ಥವನ್ನು ಇಂಗ್ಲಿಷ್ ಅಥವಾ ಹಿಂದಿಯಲ್ಲಿ ಬರೆದುಕೊಡಬೇಕಷ್ಟೆ.

ಹಡಗಲಿಯ ಮಲ್ಲಿಗೆಯ ವಿಷಯ ಬೇರೆ. ಮೈಸೂರು ಮತ್ತು ಉಡುಪಿ ಮಲ್ಲಿಗೆಗಳ ಜೊತೆಗೆ ಹಡಗಲಿ ಮಲ್ಲಿಗೆಗೂ 2007-08ನೇ ಸಾಲಿನಲ್ಲಿ ಭೌಗೋಳಿಕ ಸೂಚಕದ ನೋಂದಣಿ ದೊರೆತಿದೆ. ಇದು ಊರಿನ ಸೊತ್ತು, ಯಾವ ಒಬ್ಬ ವರ್ತಕನ ಟ್ರೇಡ್‌ಮಾರ್ಕ್ ಕೂಡ ಅಲ್ಲ, ಆಗುವಂತೆಯೂ ಇಲ್ಲ. ಈ ಸೂಚಕವನ್ನು ಹಕ್ಕಿನಿಂದ ಬಳಸಬೇಕಾದ ಬೆಳೆಗಾರರು ‘ಅಧಿಕೃತ ಬಳಕೆದಾರ’ರಾಗಿ ಪ್ರತ್ಯೇಕವಾಗಿ ಹೆಸರು ದಾಖಲಿಸಬೇಕು. ಮಾನ್ಯತೆ ಬಂದಿದೆಯೆಂದು ಭಾಷಣಗಳಲ್ಲಿ ಹೇಳುವುದೇ ಹೆಚ್ಚಾಗಿ, ಈ ಎರಡನೆಯ ಹೆಜ್ಜೆ ಹಿಂದೆ ಉಳಿಯಬಾರದು. ಮಲ್ಲಿಗೆಯ ಹೂವನ್ನೋ ಸಸಿಯನ್ನೋ ಹೊರಗೆ ಕಳಿಸುವ ವರ್ತಕನಿಗೆ ಸೂಚಕದ ಜೊತೆಗೆ ಸ್ವಂತ ಗುರುತೂ ಬೇಕು. ಧಾರವಾಡ ಪೇಡಾಕ್ಕೂ ಭೌಗೋಳಿಕ ಸೂಚಕವಿದೆ. ಆದರೂ ಅಲ್ಲಿಗೆ ಹೋದ ಗಿರಾಕಿ ಹುಡುಕುವುದು ತನಗೆ ಒಗ್ಗಿದ ಅಂಗಡಿಯ ಹೆಸರನ್ನೇ.

ಹೆಸರಿಗೆ ಹೊರಗಿನ ಕಳ್ಳನಿಗಿಂತ ಮನೆಯೊಳಗಿನ ಪಾಲು ಹೆಚ್ಚು ಅಪಾಯಕಾರಿಯಾದ ನಿದರ್ಶನಗಳೂ ಉಂಟು. ಅಣ್ಣತಮ್ಮಂದಿರು ಬೇರೆಯಾಗುವಾಗ ಹೊಲ, ಮನೆ, ಗೋದಾಮು, ತಕ್ಕಡಿಯವರೆಗೆ ಎಲ್ಲವೂ ಪಾಲುಪಟ್ಟಿಗೆ ಏರುತ್ತವೆ. ಅಂಗಡಿಯ ಹೆಸರು ಮಾತ್ರ ಏರುವುದಿಲ್ಲ. ಮರುವರ್ಷ ಒಂದೇ ಬೀದಿಯಲ್ಲಿ ‘ಮೂಲ’, ‘ಹಳೆಯ’, ‘ಅಸಲಿ’ ಎಂಬ ಮೂರು ಫಲಕಗಳು ಏಳುತ್ತವೆ. ಪಾಲುದಾರಿಕೆ ಪತ್ರದಲ್ಲಿ, ವಿಭಾಗಪತ್ರದಲ್ಲಿ ಹೆಸರು ಯಾರದೆಂದು ಎರಡು ಸಾಲು ಬರೆಯಲು ಯಾವ ಖರ್ಚೂ ಇಲ್ಲ.

ನೋಂದಣಿಯ ಕ್ರಮ ಸರಳ. ಟ್ರೇಡ್‌ಮಾರ್ಕ್ ಇಲಾಖೆಯ ಅಂತರಜಾಲ ತಾಣದಲ್ಲಿ ಅದೇ ಬಗೆಯ ಹೆಸರು ಮೊದಲೇ ಇದೆಯೇ ಎಂದು ಉಚಿತವಾಗಿ ಹುಡುಕಬಹುದು. ಸರಕು ಮತ್ತು ಸೇವೆಗಳನ್ನು 45 ವರ್ಗಗಳಾಗಿ ವಿಂಗಡಿಸಲಾಗಿದೆ: ಖಾದ್ಯ ತೈಲ 29ನೇ ವರ್ಗ, ಹಿಟ್ಟು-ಮಂಡಕ್ಕಿ-ಮಸಾಲೆ 30, ಹೂವು ಮತ್ತು ಬೀಜ 31. 2017ರ ನಿಯಮಗಳ ಪ್ರಕಾರ ವ್ಯಕ್ತಿಗೆ ಹಾಗೂ ಸಣ್ಣ ಉದ್ದಿಮೆಗೆ ಒಂದು ವರ್ಗಕ್ಕೆ ಆನ್‌ಲೈನ್ ಶುಲ್ಕ 4,500 ರೂಪಾಯಿ, ಇತರರಿಗೆ 9,000. ಕರ್ನಾಟಕದ ಅರ್ಜಿಗಳು ಚೆನ್ನೈ ಕಚೇರಿಗೆ ಸೇರುತ್ತವೆ. ಆದರೆ ಈಗ ವಿಚಾರಣೆ ವಿಡಿಯೊ ಮೂಲಕ ನಡೆಯುವುದರಿಂದ ಪ್ರಯಾಣದ ನೆಪ ಉಳಿದಿಲ್ಲ. ನೋಂದಣಿ ಹತ್ತು ವರ್ಷ ಊರ್ಜಿತ, ಮತ್ತೆ ನವೀಕರಿಸಬಹುದು. ಅರ್ಜಿ ಹಾಕಿದವನು ‘ಟಿಎಂ’ ಎಂದು ಬರೆದುಕೊಳ್ಳಬಹುದೇ ಹೊರತು, ನೋಂದಣಿಯಾಗುವ ಮುನ್ನ ವೃತ್ತದೊಳಗಿನ ‘ಆರ್’ ಅಕ್ಷರ ಹಾಕುವಂತಿಲ್ಲ. ಪರೀಕ್ಷಾ ವರದಿ ಬಂದರೆ ಒಂದು ತಿಂಗಳಲ್ಲಿ, ಯಾರಾದರೂ ವಿರೋಧಿಸಿದರೆ ಅದರ ಪ್ರತಿ ತಲುಪಿದ ಎರಡು ತಿಂಗಳಲ್ಲಿ ಉತ್ತರ ಕೊಡದಿದ್ದರೆ ಅರ್ಜಿ ಬಿದ್ದುಹೋಗುತ್ತದೆ. ಹರಪನಹಳ್ಳಿಯವರಿಗೆ ಇಲ್ಲೊಂದು ಎಚ್ಚರಿಕೆ: ತಾಲ್ಲೂಕು 1997ರಲ್ಲಿ ದಾವಣಗೆರೆಗೆ, 2018ರಲ್ಲಿ ಮರಳಿ ಬಳ್ಳಾರಿಗೆ, 2021ರಲ್ಲಿ ಹೊಸ ವಿಜಯನಗರ ಜಿಲ್ಲೆಗೆ ಸೇರಿದೆ. ಹಳೆಯ ನೋಂದಣಿಯಲ್ಲಿ ಹಳೆಯ ವಿಳಾಸವೇ ಉಳಿದಿದ್ದರೆ ತಿದ್ದಿಸಿಕೊಳ್ಳಬೇಕು.

ಪ್ರಮಾಣಪತ್ರಕ್ಕೆ ಕಟ್ಟು ಹಾಕಿಸಿ ಗಲ್ಲಾಪೆಟ್ಟಿಗೆಯ ಮೇಲೆ ತೂಗುಹಾಕಿದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಬೆಂಗಳೂರಿನ ಖೋಡೆ ಸಂಸ್ಥೆ 1968ರಿಂದ ‘ಪೀಟರ್ ಸ್ಕಾಟ್’ ವಿಸ್ಕಿ ತಯಾರಿಸುತ್ತಿತ್ತು. ಸ್ಕಾಟ್ಲೆಂಡಿನ ವಿಸ್ಕಿ ತಯಾರಕರ ಸಂಘವು ಆ ನೋಂದಣಿಯನ್ನು ತೆಗೆದುಹಾಕಬೇಕೆಂದು ಅರ್ಜಿ ಸಲ್ಲಿಸಿದ್ದು 1986ರಲ್ಲಿ. 2008ರಲ್ಲಿ ಸುಪ್ರೀಂ ಕೋರ್ಟು ಖೋಡೆಯವರ ಪರವಾಗಿ ತೀರ್ಪಿತ್ತಿತು. ಗೊತ್ತಿದ್ದೂ ವರ್ಷಗಟ್ಟಲೆ ಸುಮ್ಮನಿದ್ದುದು ವಿದೇಶೀಯರಿಗೆ ಮುಳುವಾಯಿತು. ನಂತರ ನೋಂದಣಿಯಾದ ಗುರುತಿನ ಬಳಕೆಯನ್ನು ಐದು ವರ್ಷ ಸತತವಾಗಿ ಕಂಡೂ ಸುಮ್ಮನಿದ್ದವನು ಆಮೇಲೆ ಸಾಮಾನ್ಯವಾಗಿ ಆಕ್ಷೇಪಿಸುವಂತಿಲ್ಲವೆಂದು ಇಂದಿನ ಕಾಯಿದೆಯ 33ನೇ ಕಲಮೂ ಹೇಳುತ್ತದೆ.

ಹೊಸ ಅರ್ಜಿಗಳು ಟ್ರೇಡ್‌ಮಾರ್ಕ್ ಜರ್ನಲ್‌ನಲ್ಲಿ ವಾರಕ್ಕೊಮ್ಮೆ ಪ್ರಕಟವಾಗುತ್ತವೆ. ವಿರೋಧಿಸಲು ಪ್ರಕಟಣೆಯಿಂದ ನಾಲ್ಕು ತಿಂಗಳ ಕಾಲಾವಕಾಶ. ಒಬ್ಬೊಬ್ಬ ಅಂಗಡಿಕಾರನು ಪ್ರತಿ ವಾರ ಸಾವಿರಾರು ಪುಟ ತಿರುವಿಹಾಕಲಾರ. ಐದು ತಾಲ್ಲೂಕುಗಳ ವರ್ತಕ ಸಂಘಗಳು ಸೇರಿ, ಸದಸ್ಯರ ಹೆಸರು ಹಾಗೂ ಗುರುತುಗಳ ಒಂದು ವಹಿಯನ್ನು ಸಿದ್ಧಪಡಿಸಿ, 29, 30 ಮತ್ತು 31ನೇ ವರ್ಗಗಳನ್ನು ವಾರವಾರ ನೋಡಲು ಒಬ್ಬ ಗುಮಾಸ್ತನನ್ನು ನೇಮಿಸಿದರೆ ತಗಲುವ ವೆಚ್ಚ ತಲಾ ಸದಸ್ಯರಿಗೆ ಹೊರೆಯಾಗದು. ಮುಂದಿನ ವಾರ್ಷಿಕ ಮಹಾಸಭೆಗಳ ಕಾರ್ಯಸೂಚಿಯಲ್ಲಿ ಈ ವಿಷಯವನ್ನು ಸೇರಿಸಬಹುದು.