ಕೈಬರಹ ಹೋಲದಿದ್ದರೂ ಶಿಕ್ಷೆ! ಡ್ರೇಫಸ್ ಪ್ರಕರಣದಲ್ಲಿ ನಡೆದದ್ದೇನು?

'ತಜ್ಞರೇ ಹೇಳಿದ್ದಾರೆ', 'ರಹಸ್ಯ ದಾಖಲೆ ಸಿಕ್ಕಿದೆ' ಎಂದು ಬರೆದಿದ್ದರೆ ಸಾಕು, ಸಂದೇಶವನ್ನು ನಾವು ಬೇಗ ನಂಬಿಬಿಡುತ್ತೇವೆ. ಫ್ರಾನ್ಸ್‌ನಲ್ಲಿ ಇವೆರಡೂ ಸೇರಿ ಒಬ್ಬ ನಿರಪರಾಧಿಯನ್ನು ನಾಲ್ಕು ವರ್ಷಕ್ಕೂ ಹೆಚ್ಚು ಕಾಲ ದ್ವೀಪವೊಂದರಲ್ಲಿ ಕೂಡಿಹಾಕಿದ್ದವು.

ಆರೋಪ ಬಂದದ್ದು ಹೇಗೆ?

1894ರಲ್ಲಿ ಪ್ಯಾರಿಸ್‌ನ ಜರ್ಮನ್ ರಾಯಭಾರ ಕಚೇರಿಯಿಂದ ಒಂದು ಹರಿದ ಪತ್ರ ಫ್ರೆಂಚ್ ಗುಪ್ತಚರರ ಕೈಗೆ ಬಂತು. ಯಾರೋ ಸೇನೆಯ ಗುಟ್ಟುಗಳನ್ನು ಜರ್ಮನಿಗೆ ಮಾರುತ್ತಿದ್ದರು. ಪತ್ರದಲ್ಲಿ ಸಹಿ ಇರಲಿಲ್ಲ. ಅನುಮಾನ ಬಿದ್ದದ್ದು ಕ್ಯಾಪ್ಟನ್ ಆಲ್ಫ್ರೆಡ್ ಡ್ರೇಫಸ್ ಮೇಲೆ. ಅವರು ಯಹೂದಿ. ಯಹೂದಿಗಳಿಗೆ ದೇಶನಿಷ್ಠೆ ಇಲ್ಲವೆಂದು ಪ್ರಚಾರ ಮಾಡುತ್ತಿದ್ದ ಎಡ್ವರ್ಡ್ ಡ್ರೂಮಾನ ಪತ್ರಿಕೆ, ವಿಚಾರಣೆಗೆ ಮೊದಲೇ ಅವರನ್ನು ದ್ರೋಹಿ ಎಂದು ಸಾರಿತು.

'ತಜ್ಞ' ಹೇಳಿದ್ದೇನು?

ಪತ್ರದ ಅಕ್ಷರ ಡ್ರೇಫಸ್ ಅಕ್ಷರಕ್ಕೆ ಪೂರ್ತಿ ಹೊಂದುತ್ತಿರಲಿಲ್ಲ. ಆಗ ಪೊಲೀಸ್ ಅಧಿಕಾರಿ ಅಲ್ಫೋನ್ಸ್ ಬರ್ಟಿಲಾನ್ ಒಂದು ವಿಚಿತ್ರ ವಾದ ಮುಂದಿಟ್ಟ: ಸಿಕ್ಕಿಬೀಳಬಾರದೆಂದು ಡ್ರೇಫಸ್ ತನ್ನ ಕೈಬರಹವನ್ನೇ ನಕಲಿ ಮಾಡಿದ್ದಾನೆ! ಅಂದರೆ ಅಕ್ಷರ ಹೋಲಿದರೂ ತಪ್ಪಿತಸ್ಥ, ಹೋಲದಿದ್ದರೂ ತಪ್ಪಿತಸ್ಥ. ಸಾಲದ್ದಕ್ಕೆ, ಆರೋಪಿಯ ವಕೀಲರಿಗೆ ತೋರಿಸದ ರಹಸ್ಯ ಕಡತವೊಂದನ್ನು ಸೇನಾ ನ್ಯಾಯಾಧೀಶರಿಗೆ ಕೊಡಲಾಯಿತು. ತೀರ್ಪು: ಜೀವನಪರ್ಯಂತ ಗಡೀಪಾರು. 1895ರಲ್ಲಿ ಡ್ರೇಫಸ್‌ರನ್ನು ದಕ್ಷಿಣ ಅಮೆರಿಕದ ಕರಾವಳಿಯಾಚೆಯ ಡೆವಿಲ್ಸ್ ಐಲೆಂಡ್‌ಗೆ ಸಾಗಿಸಲಾಯಿತು.

ನಿಜ ಹೊರಬಂದದ್ದು ಹೇಗೆ?

1896ರಲ್ಲಿ ಗುಪ್ತಚರ ಅಧಿಕಾರಿ ಜಾರ್ಜ್ ಪಿಕಾರ್, ಆ ಅಕ್ಷರ ಮೇಜರ್ ಎಸ್ಟರ್‌ಹಾಜಿಯದು ಎಂದು ಪತ್ತೆಹಚ್ಚಿದರು. ಸೇನೆ ತಪ್ಪು ತಿದ್ದಿಕೊಳ್ಳಲಿಲ್ಲ. ಪಿಕಾರ್ ಅವರನ್ನೇ ಟುನೀಶಿಯಾಕ್ಕೆ ಕಳಿಸಿತು. 1898ರ ಜನವರಿಯಲ್ಲಿ ಎಸ್ಟರ್‌ಹಾಜಿ ಖುಲಾಸೆಯಾದ. ಎರಡೇ ದಿನಕ್ಕೆ ಲೇಖಕ ಎಮಿಲ್ ಜೋಲಾ ಪತ್ರಿಕೆಯಲ್ಲಿ ಬಹಿರಂಗ ಪತ್ರ ಬರೆದು ಸೇನಾಧಿಕಾರಿಗಳ ಮೇಲೆ ನೇರ ಆರೋಪ ಹೊರಿಸಿದರು. ಅದೇ ಆಗಸ್ಟ್‌ನಲ್ಲಿ ಡ್ರೇಫಸ್ ವಿರುದ್ಧದ ಒಂದು ಮುಖ್ಯ 'ಸಾಕ್ಷ್ಯ' ನಕಲಿ ಎಂದು ಗೊತ್ತಾಯಿತು. ಎರಡು ಬೇರೆ ಬೇರೆ ಕಾಗದಗಳ ತುಂಡು ಅಂಟಿಸಿ ಅದನ್ನು ತಯಾರಿಸಲಾಗಿತ್ತು. ಗೆರೆಗಳ ಬಣ್ಣವೇ ಹೊಂದುತ್ತಿರಲಿಲ್ಲ. ಅದನ್ನು ಮಾಡಿದ್ದ ಅಧಿಕಾರಿ ಆನ್ರಿ, ಒಪ್ಪಿಕೊಂಡ ಮರುದಿನವೇ ಆತ್ಮಹತ್ಯೆ ಮಾಡಿಕೊಂಡ.

ಆದರೂ 1899ರ ಮರುವಿಚಾರಣೆಯಲ್ಲಿ ಡ್ರೇಫಸ್ ಮತ್ತೆ ತಪ್ಪಿತಸ್ಥರಾದರು! ಕೆಲವೇ ದಿನಗಳಲ್ಲಿ ರಾಷ್ಟ್ರಾಧ್ಯಕ್ಷರ ಕ್ಷಮಾದಾನದಿಂದ ಬಿಡುಗಡೆಯಾಯಿತು, ಕಳಂಕ ಮಾತ್ರ ಉಳಿಯಿತು. ಮುಂದೆ ಪ್ವಾಂಕರೆ ಸೇರಿದಂತೆ ಮೂವರು ಗಣಿತಜ್ಞರು ಬರ್ಟಿಲಾನ್‌ನ ಲೆಕ್ಕಾಚಾರ ಪರಿಶೀಲಿಸಿ, ಅದಕ್ಕೆ ವೈಜ್ಞಾನಿಕ ಬೆಲೆಯೇ ಇಲ್ಲವೆಂದರು. 1906ರ ಜುಲೈ 12ರಂದು ಉನ್ನತ ನ್ಯಾಯಾಲಯ ಡ್ರೇಫಸ್ ನಿರ್ದೋಷಿ ಎಂದು ಘೋಷಿಸಿತು.

ನಾವು ಗಮನಿಸಬೇಕಾದದ್ದು

ಇಲ್ಲಿ ಮೊದಲು ತಪ್ಪಿತಸ್ಥನನ್ನು ಆರಿಸಲಾಯಿತು, ಸಾಕ್ಷ್ಯವನ್ನು ಆಮೇಲೆ ಹೊಂದಿಸಲಾಯಿತು. ಒಂದು ಸಮುದಾಯದ ಮೇಲೆ ಆರೋಪ ಹೊರಿಸುವ ಸಂದೇಶ ಬಂದಾಗ ನಾವು ಕೇಳಬೇಕಾದ ಪ್ರಶ್ನೆ ಒಂದೇ: ಯಾವ ಪುರಾವೆ ಸಿಕ್ಕರೆ ಈ ಆರೋಪ ಸುಳ್ಳೆಂದು ಇವರು ಒಪ್ಪುತ್ತಾರೆ? 'ಯಾವುದೂ ಇಲ್ಲ' ಎಂಬುದೇ ಉತ್ತರವಾದರೆ, ಆ ಸಂದೇಶ ನಿಮ್ಮ ಫೋನಿನಲ್ಲೇ ನಿಲ್ಲಲಿ.