ಹಳೆಯ ಇಂಜಿನು ಕಲಿಸುವ ಪಾಠ

ಹಳೆಯ ಕಾಲದ ಇಂಜಿನುಗಳನ್ನು ಬಿಚ್ಚಿ, ಸವೆದ ಭಾಗಗಳನ್ನು ಹೊಸದಾಗಿ ಮಾಡಿ, ಮತ್ತೆ ಜೋಡಿಸಿ ಸ್ಪರ್ಧೆಗೆ ಇಳಿಸುವ ಹವ್ಯಾಸವೊಂದು ಹಲವು ದೇಶಗಳಲ್ಲಿ ಬೆಳೆದುಬಂದಿದೆ. ಇಂಗ್ಲೆಂಡಿನ ವಿಂಟೇಜ್ ಸ್ಪೋರ್ಟ್ಸ್ ಕಾರ್ ಕ್ಲಬ್ಬು 1934ರಲ್ಲಿ ಹುಟ್ಟಿತು. 1919ರಿಂದ 1930ರವರೆಗೆ ತಯಾರಾದ ಕಾರುಗಳಿಗೆ ಅಲ್ಲಿ ‘ವಿಂಟೇಜ್’ ಎಂದು ಹೆಸರು. ಶೆಲ್ಸ್‌ಲಿ ವಾಲ್ಷ್ ಎಂಬಲ್ಲಿ 1905ರಲ್ಲಿ ಆರಂಭವಾದ ಗುಡ್ಡ ಹತ್ತುವ ಸ್ಪರ್ಧೆ ಇಂದಿಗೂ ನಡೆಯುತ್ತಿದೆ; ತೊಂಬತ್ತು ನೂರು ವರ್ಷದ ಮುದಿ ಗಾಡಿಗಳು ಈಗಲೂ ಆ ಗುಡ್ಡವನ್ನು ಹತ್ತುತ್ತವೆ.

ಇದಕ್ಕೂ ನಮ್ಮ ಗಡಿನಾಡಿನ ಹೈಸ್ಕೂಲು ಮಕ್ಕಳಿಗೂ ಏನು ಸಂಬಂಧ ಎಂದು ಪಾಲಕರು ಕೇಳಬಹುದು. ಸಂಬಂಧವಿದೆ ಎಂಬುದೇ ನಮ್ಮ ವಾದ. ಬಂದ ಅಳತೆಯನ್ನು ಬಂದ ಹಾಗೆಯೇ ಬರೆದಿಡುವುದು ಈ ಕೆಲಸದ ಜೀವಾಳ. ನಮ್ಮ ಪ್ರಯೋಗಶಾಲೆಗಳಲ್ಲಿ ಕ್ಷೀಣಿಸುತ್ತಿರುವ ಅಭ್ಯಾಸವೂ ಅದೇ.

ಮೊದಲು ಕೆಲಸದ ರೀತಿಯನ್ನು ನೋಡೋಣ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ನಿಂತುಹೋಯಿತು. ಆದರೂ ಅಲ್ಲಿ ತಯಾರಾದ ಯೆಜ್ಡಿ ಮೋಟಾರು ಸೈಕಲ್ಲುಗಳು ಇನ್ನೂ ಓಡುತ್ತಿವೆ. ಮಾಡಿದ ಕಾರ್ಖಾನೆಯೇ ಇಲ್ಲವಾದಾಗ ಸವೆದ ಭಾಗವನ್ನು ಅಳೆದು, ನಕ್ಷೆ ಬರೆದು, ಲೇತಿನಲ್ಲಿ ಕಡೆದು ಮಾಡಿಕೊಳ್ಳಬೇಕಾಗಬಹುದು. ಪಿಸ್ಟನ್ನಿಗೂ ಸಿಲಿಂಡರಿನ ಗೋಡೆಗೂ ನಡುವೆ ಬಿಡುವ ಸಂದನ್ನು ಮಿಲಿಮೀಟರಿನ ನೂರರಲ್ಲೊಂದು ಪಾಲಿನ ಲೆಕ್ಕದಲ್ಲಿ ನೋಡಬೇಕು. ಸಂದು ಕಡಿಮೆಯಾದರೆ ಬಿಸಿಗೆ ಹಿಗ್ಗಿದ ಪಿಸ್ಟನ್ ಕಚ್ಚಿಕೊಳ್ಳುತ್ತದೆ. ಹೆಚ್ಚಾದರೆ ಬಲ ಸೋರಿಹೋಗುತ್ತದೆ. ಇಲ್ಲಿ ಅಂದಾಜಿಗೆ ಎಡೆಯಿಲ್ಲ.

ವಿದ್ಯಾರ್ಥಿಗಳು ತಮ್ಮ ಗಣಿತವನ್ನೇ ಇಲ್ಲಿ ಕಾಣಬಹುದು. 1955ರಿಂದ ಮದರಾಸಿನಲ್ಲಿ ತಯಾರಾಗತೊಡಗಿದ ಬುಲೆಟ್ ಗಾಡಿಯನ್ನು ಎಲ್ಲರೂ ಬಲ್ಲಿರಿ. ಅದರ ಹಳೆಯ 350 ಮಾದರಿಯಲ್ಲಿ ಸಿಲಿಂಡರಿನ ವ್ಯಾಸ 7 ಸೆಂಟಿಮೀಟರ್, ಪಿಸ್ಟನ್ ಚಲಿಸುವ ದೂರ 9 ಸೆಂಟಿಮೀಟರ್. ಗಾತ್ರ ಕಂಡುಹಿಡಿಯಿರಿ: 346 ಘನ ಸೆಂಟಿಮೀಟರ್ ಬರುತ್ತದೆ. ಪಿಸ್ಟನ್ ತುದಿಗೆ ಬಂದಾಗ ಮೇಲೆ ಉಳಿಯುವ ಜಾಗ ಅಂಕುಡೊಂಕಾಗಿರುವುದರಿಂದ ಅದಕ್ಕೆ ಸೂತ್ರ ಸಿಗದು. ಅಲ್ಲಿಗೆ ಬ್ಯೂರೆಟ್ಟಿನಿಂದ ಎಣ್ಣೆ ಬಿಟ್ಟು ಅಳೆಯುತ್ತಾರೆ. ನಮ್ಮ ರಸಾಯನಶಾಸ್ತ್ರದ ಮೇಜಿನ ಮೇಲಿರುವ ಬ್ಯೂರೆಟ್ಟೇ ಸಾಕು. 63 ಘನ ಸೆಂಟಿಮೀಟರ್ ಎಣ್ಣೆ ಹಿಡಿಸಿತೆನ್ನೋಣ. 346ಕ್ಕೆ 63 ಕೂಡಿಸಿ 63ರಿಂದ ಭಾಗಿಸಿದರೆ ಸುಮಾರು ಆರೂವರೆ. ಒಳಗೆ ಸೇರಿದ ಗಾಳಿ ಆರೂವರೆಯಲ್ಲಿ ಒಂದು ಪಾಲಿಗೆ ಒತ್ತಲ್ಪಡುತ್ತದೆ ಎಂದು ಇದರ ಅರ್ಥ.

ಇಂಜಿನು ಸಿದ್ಧವಾಯಿತು. ಅದರ ಶಕ್ತಿ ಎಷ್ಟು? ಇದನ್ನು ಹೇಳುವ ಯಂತ್ರಕ್ಕೆ ಡೈನಮೋಮೀಟರ್ ಎಂದು ಹೆಸರು. ಕೆಲಸಗಾರರು ಡೈನೋ ಎನ್ನುತ್ತಾರೆ. ಫ್ರಾನ್ಸಿನ ಪ್ರೋನಿ ಎಂಬ ಇಂಜಿನಿಯರು 1821ರಲ್ಲಿ ಇದಕ್ಕೊಂದು ಸರಳ ಉಪಾಯ ಹೂಡಿದನು. ತಿರುಗುವ ದಂಡಕ್ಕೆ ಮರದ ತುಂಡುಗಳನ್ನು ಬಿಗಿದು, ಅದಕ್ಕೊಂದು ಉದ್ದ ಕೋಲು ಸೇರಿಸಿ, ಕೋಲು ದಂಡದೊಡನೆ ಸುತ್ತದಂತೆ ತುದಿಯಲ್ಲಿ ತೂಕದಿಂದ ತಡೆಯುವುದೇ ಆ ಉಪಾಯ. 1877ರಲ್ಲಿ ಇಂಗ್ಲೆಂಡಿನ ವಿಲಿಯಂ ಫ್ರೂಡ್ ಮರದ ಬದಲು ನೀರಿನಿಂದಲೇ ತಡೆಯೊಡ್ಡುವ ಯಂತ್ರ ಮಾಡಿದನು.

ಲೆಕ್ಕ ಬಹಳ ಸುಲಭ. ಕೋಲಿನ ಉದ್ದ 1 ಮೀಟರ್, ತುದಿಯಲ್ಲಿ ತೋರಿದ ತೂಕ 5 ಕಿಲೋಗ್ರಾಂ, ವೇಗ ನಿಮಿಷಕ್ಕೆ 3,000 ಸುತ್ತು, ಅಂದರೆ ಸೆಕೆಂಡಿಗೆ 50 ಎಂದಿಟ್ಟುಕೊಳ್ಳಿ. 1 ಮೀಟರ್ ತ್ರಿಜ್ಯದ ವೃತ್ತದ ಸುತ್ತಳತೆ 6.28 ಮೀಟರ್. ಅದನ್ನು 5ರಿಂದಲೂ 50ರಿಂದಲೂ ಗುಣಿಸಿ, 75ರಿಂದ ಭಾಗಿಸಿ. ಉತ್ತರ ಸುಮಾರು 21 ಮೆಟ್ರಿಕ್ ಅಶ್ವಶಕ್ತಿ. ಈ ಶಕ್ತಿಯೆಲ್ಲ ತಡೆಯಲ್ಲಿ ಶಾಖವಾಗಿ ಬಿಡುತ್ತದೆ. ಒಂದು ಲೀಟರ್ ನೀರಿದ್ದರೆ ಅದು ಪ್ರತಿ ಸೆಕೆಂಡಿಗೂ ಮೂರೂವರೆ ಡಿಗ್ರಿಗಿಂತ ಹೆಚ್ಚು ಬಿಸಿಯಾದೀತು. ಆದ್ದರಿಂದಲೇ ಇಂತಹ ಯಂತ್ರಕ್ಕೆ ತಣ್ಣೀರನ್ನು ಬಿಡದೆ ಹರಿಸುತ್ತಿರಬೇಕು.

ಅಳೆಯುವಾಗ ಪಾಲಿಸಬೇಕಾದ ನಿಯಮಗಳೂ ಇವೆ. ಇಂಜಿನು ಚೆನ್ನಾಗಿ ಬಿಸಿಯಾಗುವ ತನಕ ಕಾಯಬೇಕು. ವೇಗವನ್ನು ಒಂದೇ ಸಮನೆ ನಿಲ್ಲಿಸಿ ಓದಿಕೊಳ್ಳಬೇಕು. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಬೇಕು. ಕಿಡಿ ಹಾರುವ ಕಾಲವನ್ನೂ ಪೆಟ್ರೋಲು ಬರುವ ರಂಧ್ರವನ್ನೂ ಒಟ್ಟಿಗೆ ಬದಲಾಯಿಸಿದರೆ ಹೆಚ್ಚಿದ ಬಲ ಯಾವುದರಿಂದ ಬಂತೆಂದು ಬ್ರಹ್ಮನೂ ಹೇಳಲಾರ. ಕೊನೆಗೆ ಮೊದಲಿನ ಸ್ಥಿತಿಗೇ ತಂದು ಮತ್ತೊಮ್ಮೆ ಅಳೆಯಬೇಕು. ಮೊದಲಿನ ಅಂಕೆಯೇ ಬರದಿದ್ದರೆ ನಡುವಿನ ಅಂಕೆಗಳನ್ನು ನಂಬುವಂತಿಲ್ಲ. ಗಾಳಿಯ ಉಷ್ಣವನ್ನೂ ಒತ್ತಡವನ್ನೂ ಬರೆದಿಡಬೇಕು. ಸುಮಾರು 2,240 ಮೀಟರ್ ಎತ್ತರದ ಊಟಿಯಲ್ಲಿ ಗಾಳಿ ತೆಳುವಾದ್ದರಿಂದ ಸಾಧಾರಣ ಪೆಟ್ರೋಲು ಇಂಜಿನು ಸಮುದ್ರತೀರದಲ್ಲಿ ಕೊಡುವ ಬಲದ ಸುಮಾರು ಐದನೇ ಒಂದು ಪಾಲನ್ನು ಕಳೆದುಕೊಳ್ಳುತ್ತದೆ. ಊರನ್ನು ಹೇಳದೆ ಬಲವನ್ನು ಮಾತ್ರ ಹೇಳುವುದು ಅರ್ಧ ಸತ್ಯ.

ನಮ್ಮ ರಸ್ತೆಗಳಲ್ಲಿ ಕೆಲವು ಯುವಕರು ಸೈಲೆನ್ಸರು ಕಿತ್ತೆಸೆದು ಊರೆಲ್ಲ ನಡುಗುವಂತೆ ಗಾಡಿ ಓಡಿಸುವುದನ್ನು ಕಾಣುತ್ತೇವೆ. ಸದ್ದು ಹೆಚ್ಚಿದೊಡನೆ ಬಲವೂ ಹೆಚ್ಚಿತೆಂದು ಅವರ ಎಣಿಕೆ. ಆ ಗಾಡಿಯನ್ನು ಡೈನೋ ಮೇಲೆ ನಿಲ್ಲಿಸಿದರೆ ಬಲ ಏರದೆ ಇರಬಹುದು, ಇಳಿದಿದ್ದರೂ ಆಶ್ಚರ್ಯವಿಲ್ಲ. ತುಂಬಿದ ಕೊಡ ತುಳುಕುವುದಿಲ್ಲವೆಂದು ಹಿರಿಯರು ಹೇಳಿದ್ದಾರೆ. ನಿಜವಾದ ಸ್ಪರ್ಧಿಗಳು ರಸ್ತೆಗೆ ಬರುವುದಿಲ್ಲ. ಅದಕ್ಕೆಂದೇ ಇರುವ ಪಥದಲ್ಲಿ, ನಿಯಮಕ್ಕೆ ಒಳಪಟ್ಟು ಓಡಿಸುತ್ತಾರೆ.

ಇದೆಲ್ಲ ಹಣವಂತರ ಆಟ, ಪೆಟ್ರೋಲಿನ ದುಂದು ಎಂಬ ಆಕ್ಷೇಪಣೆಯಿದೆ. ಅದರಲ್ಲಿ ಸತ್ಯಾಂಶವಿಲ್ಲದಿಲ್ಲ. ಆದರೆ ನ್ಯೂಜಿಲೆಂಡಿನ ಬರ್ಟ್ ಮನ್ರೋ ಹಣವಂತನಾಗಿರಲಿಲ್ಲ. ಗಂಟೆಗೆ ಸುಮಾರು 88 ಕಿಲೋಮೀಟರ್ ಓಡುತ್ತಿದ್ದ 1920ರ ಇಂಡಿಯನ್ ಸ್ಕೌಟ್ ಮೋಟಾರು ಸೈಕಲ್ಲೊಂದನ್ನು ಆತ ಜೀವಮಾನವಿಡೀ ತಿದ್ದಿದನು. ಹಳೆಯ ಡಬ್ಬಿಗಳನ್ನು ಅಚ್ಚು ಮಾಡಿಕೊಂಡು ಪಿಸ್ಟನ್ನುಗಳನ್ನು ತಾನೇ ಎರಕ ಹೊಯ್ದನು. ಮುರಿದ ಭಾಗಗಳನ್ನು ಎಸೆಯದೆ, ವೇಗದ ದೇವರಿಗೆ ಕಾಣಿಕೆಯೆಂದು ಬರೆದು ಕಪಾಟಿನಲ್ಲಿ ಜೋಡಿಸಿಟ್ಟನು. ಸೋಲನ್ನು ಆತ ಬಚ್ಚಿಡಲಿಲ್ಲ. 1967ರಲ್ಲಿ, ತನ್ನ 68ನೆಯ ವಯಸ್ಸಿನಲ್ಲಿ, ಅಮೆರಿಕದ ಬಾನ್‌ವಿಲ್ ಉಪ್ಪಿನ ಬಯಲಿನಲ್ಲಿ 1,000 ಸಿ.ಸಿ.ಯೊಳಗಿನ ವರ್ಗದಲ್ಲಿ ಗಂಟೆಗೆ 183.586 ಮೈಲಿ, ಅಂದರೆ 295 ಕಿಲೋಮೀಟರಿಗೂ ಮಿಕ್ಕ ವೇಗದ ದಾಖಲೆ ಮಾಡಿದನು.

ಈ ಕಥೆಗೆ ಇನ್ನೊಂದು ಭಾಗವಿದೆ. ಗಾಳಿಯ ಅನುಕೂಲ ಪ್ರತಿಕೂಲಗಳು ಸರಿಹೋಗಲೆಂದು ಅಲ್ಲಿ ಎರಡೂ ದಿಕ್ಕಿನಲ್ಲಿ ಓಡಿಸಿ ಸರಾಸರಿ ತೆಗೆಯುತ್ತಾರೆ. ಆ ಸರಾಸರಿಯಲ್ಲಿ ತಪ್ಪಿದೆಯೆಂದು ಬಹುಕಾಲದ ಮೇಲೆ ಆತನ ಮಗ ತೋರಿಸಿಕೊಟ್ಟನು. 2014ರಲ್ಲಿ, 47 ವರ್ಷಗಳ ನಂತರ, ದಾಖಲೆಯನ್ನು 184.087 ಮೈಲಿ ಎಂದು ತಿದ್ದಲಾಯಿತು. ಮನ್ರೋ ತೀರಿಕೊಂಡದ್ದು 1978ರಲ್ಲಿ. ಓಟದ ಅಂಕೆಗಳನ್ನು ಇದ್ದ ಹಾಗೆಯೇ ಬರೆದಿಟ್ಟಿದ್ದರಿಂದಲೇ ಅಷ್ಟು ವರ್ಷಗಳ ಮೇಲೂ ಲೆಕ್ಕವನ್ನು ಸರಿಪಡಿಸಲು ಸಾಧ್ಯವಾಯಿತು.

ಈಗ ನಮ್ಮ ಶಾಲೆಗಳ ಕಡೆ ತಿರುಗೋಣ. ಲೋಲಕದ ಪ್ರಯೋಗದಲ್ಲಿ ಉತ್ತರ 980ರ ಹತ್ತಿರ ಬರಬೇಕೆಂದು ಮಕ್ಕಳಿಗೆ ಮೊದಲೇ ಗೊತ್ತು. ಆದ್ದರಿಂದ ಎಷ್ಟೋ ಕಡೆ ಲೋಲಕವನ್ನು ತೂಗುವ ಮುನ್ನವೇ ಉತ್ತರದಿಂದ ಹಿಂದಕ್ಕೆ ಲೆಕ್ಕ ಹಾಕಿ ಕಾಲವನ್ನು ಬರೆದುಬಿಡುತ್ತಾರೆ. ಇಲ್ಲವೇ ಹಿಂದಿನ ವರ್ಷದ ಅಣ್ಣ ಅಕ್ಕಂದಿರ ಪುಸ್ತಕದಿಂದ ನಕಲು ಮಾಡುತ್ತಾರೆ. ಅಂಕ ಪೂರ್ತಿ ಸಿಗುತ್ತದೆ, ಕಲಿಕೆ ಸೊನ್ನೆ. ದೋಷವನ್ನು ಮಕ್ಕಳ ಮೇಲೆಯೇ ಹೊರಿಸುವುದು ನ್ಯಾಯವಲ್ಲ. 930 ಎಂದು ಬಂದದ್ದನ್ನು ಹಾಗೆಯೇ ಬರೆದ ಹುಡುಗಿಗೆ ಅಂಕ ಕಳೆದು, 980 ಎಂದು ಕಟ್ಟಿ ಬರೆದವಳಿಗೆ ಅಂಕ ಕೊಟ್ಟರೆ ಮಕ್ಕಳು ಬೇರೇನು ಕಲಿತಾರು? ಇಂಜಿನು ಕಟ್ಟುವವನು ಹೀಗೆ ಮಾಡಿದರೆ ಸ್ಪರ್ಧೆಯ ದಿನ ಗುಡ್ಡವೇ ಅವನಿಗೆ ಉತ್ತರ ಕೊಡುತ್ತದೆ.

ಆದ್ದರಿಂದ ಅಧ್ಯಾಪಕ ಬಂಧುಗಳಲ್ಲಿ ನಮ್ಮ ವಿನಂತಿಯಿಷ್ಟೆ: ಉತ್ತರ ತಪ್ಪಿದ್ದರೂ ಪ್ರಾಮಾಣಿಕವಾಗಿ ಅಳೆದು, ಏಕೆ ತಪ್ಪಿರಬಹುದೆಂದು ನಾಲ್ಕು ಸಾಲು ಬರೆದ ವಿದ್ಯಾರ್ಥಿಗೆ ಅಂಕ ಕೊಡಿ. ಪಾಲಕರಲ್ಲಿಯೂ ಒಂದು ಮಾತು. ಸೈಕಲ್ಲು ಬಿಚ್ಚಿ ಕೈ ಮಸಿ ಮಾಡಿಕೊಂಡ ಮಗನನ್ನೋ ಮಗಳನ್ನೋ ಓದು ಬರದವರೆಂದು ಗದರಬೇಡಿ. ಕೈ ಕೆಸರಾದರೆ ಬಾಯಿ ಮೊಸರು ಎಂಬುದು ನಮ್ಮದೇ ಗಾದೆ. ಏನು ಬಿಚ್ಚಿದೆ, ಎಷ್ಟು ಅಳತೆ ಬಂತು, ಎಲ್ಲಿ ಬರೆದಿಟ್ಟಿದ್ದೀಯೆ ಎಂದು ಕೇಳಿ. ಒಂದು ಹಳೆಯ ನೋಟುಪುಸ್ತಕವನ್ನೂ ಸೀಸದಕಡ್ಡಿಯನ್ನೂ ಅದಕ್ಕಾಗಿಯೇ ತೆಗೆದುಕೊಡಿ. ವಿದ್ಯಾರ್ಥಿ ಮಿತ್ರರು ಮುಂದಿನ ಪ್ರಯೋಗದ ದಿನವೇ ಇದನ್ನು ಆರಂಭಿಸಲೆಂದು ಹಾರೈಸುತ್ತೇವೆ.